ಭಿನ್ನರಾಶಿ ಇರುವ ಬಹುಪದೋಕ್ತಿಯನ್ನು ರೇಖಾತ್ಮಕ ಅಪವರ್ತನಗಳಾಗಿ ಒಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತಾಮಣಿಯ ನಮ್ಮ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆಯಿಂದಲೂ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಬಹುಪದೋಕ್ತಿ ಪಾಠ ಬಂದಾಗ ಪ್ರತಿ ವರ್ಷವೂ ಅವೇ ಪ್ರಶ್ನೆಗಳು ಬರುತ್ತವೆ. ಕೆಲವನ್ನು ಮಕ್ಕಳು ಕೇಳುತ್ತಾರೆ, ಕೆಲವನ್ನು ಅವರ ಅಪ್ಪ ಅಮ್ಮ ಸಂತೆಯಲ್ಲಿ ಸಿಕ್ಕಾಗ ಕೇಳುತ್ತಾರೆ, ಕೆಲವು ಚೀಟಿಯಲ್ಲಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ.

ಪಾಠಪುಸ್ತಕದಲ್ಲಿ ‘ಎಕ್ಸ್’ ಇರುವ ಕಡೆ ನಾನು ‘ಯ’ ಬರೆಯುತ್ತೇನೆ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದು, ಚಿಕ್ಕದಾಗಿ ‘ಯಾ’ ಎಂದು ಬರೆಯುತ್ತಿದ್ದರು. ಎಷ್ಟೋ ಅಷ್ಟು ಎಂದು ಅದರ ಅರ್ಥ. ಆ ಅಕ್ಷರ ನನಗೆ ಬಹಳ ಇಷ್ಟ.

## ಶುರುವಿನ ಪ್ರಶ್ನೆಗಳು

ಸಾರ್, ‘ಅಪವರ್ತಿಸಿ’ ಅಂದ್ರೆ ನಿಜವಾಗ್ಲೂ ಏನು ಮಾಡ್ಬೇಕು?

ಕೂಡಿಸಿ ಕಳೆದು ಬರೆದಿರುವುದನ್ನು ಗುಣಾಕಾರವಾಗಿ ಬರೆಯಬೇಕು, ಅಷ್ಟೆ. 12 ಅನ್ನು 3 × 4 ಎಂದು ಬರೆದ ಹಾಗೆ, ಯ² + 5ಯ + 6 ಅನ್ನು (ಯ + 2)(ಯ + 3) ಎಂದು ಬರೆಯುತ್ತೇವೆ. ಯ ಬೆಲೆ ಏನೇ ಇರಲಿ, ಎರಡೂ ಕಡೆ ಒಂದೇ ಬೆಲೆ ಬರಬೇಕು. ಒಂದೇ ಒಂದು ಬೆಲೆಗೆ ವ್ಯತ್ಯಾಸ ಬಂದರೂ ಅಪವರ್ತನ ತಪ್ಪು.

ಯ ಮೇಲೆ ವರ್ಗ, ಘನ ಯಾವುದೂ ಇಲ್ಲದ ಅಪವರ್ತನಕ್ಕೆ ರೇಖಾತ್ಮಕ ಎನ್ನುತ್ತಾರೆ. ಅಂಥದ್ದರ ನಕ್ಷೆ ಬರೆದರೆ ನೇರ ಗೆರೆ ಬರುತ್ತದೆ, ಅದಕ್ಕೇ ಆ ಹೆಸರು. ಯ + 2, 3ಯ − 2, ಯ/2 − 1/3 ಎಲ್ಲವೂ ರೇಖಾತ್ಮಕ.

ಭಿನ್ನರಾಶಿ ಇದ್ರೆ ಅದು ಬಹುಪದೋಕ್ತಿನೇ ಅಲ್ಲ ಅಂತ ನನ್ನ ಫ್ರೆಂಡ್ ಹೇಳ್ತಾನೆ. ಹೌದಾ?

ಅಲ್ಲ. ಸಹಗುಣಕ, ಅಂದರೆ ಯ ಜೊತೆ ಗುಣಿಸಿರುವ ಸಂಖ್ಯೆ, ಭಿನ್ನರಾಶಿ ಆಗಬಹುದು. ಯ ಮೇಲಿನ ಘಾತ ಆಗಬಾರದು, ಯ ಛೇದಕ್ಕೂ ಹೋಗಬಾರದು. ಯ/5 + 2 ಬಹುಪದೋಕ್ತಿ. 5/ಯ + 2 ಅಲ್ಲ. ಗೆಳೆಯ ಈ ಎರಡನ್ನು ಸೇರಿಸಿಕೊಂಡಿದ್ದಾನೆ.

ಭಿನ್ನರಾಶಿ ನೋಡಿದ ತಕ್ಷಣ ಕೈ ನಿಂತು ಹೋಗುತ್ತೆ. ಎಲ್ಲಿಂದ ಶುರು ಮಾಡ್ಲಿ?

ಛೇದಗಳಿಂದ. ಬೇರೆ ಏನನ್ನೂ ನೋಡಬೇಡಿ. ಒಂದು ಲೆಕ್ಕ ತೆಗೆದುಕೊಳ್ಳೋಣ:

ಯ²/2 − ಯ/12 − 1/6

ಛೇದಗಳು 2, 12, 6. ಇವುಗಳ ಲ.ಸಾ.ಅ., ಅಂದರೆ ಈ ಮೂರೂ ಶೇಷವಿಲ್ಲದೆ ಭಾಗಿಸುವ ಅತಿ ಚಿಕ್ಕ ಸಂಖ್ಯೆ, 12. ಈಗ ಪ್ರತಿ ಪದವನ್ನೂ ಹನ್ನೆರಡನೇ ಭಾಗಗಳಲ್ಲಿ ಬರೆಯಿರಿ. ಯ²/2 ಅಂದರೆ 6ಯ²/12. ಯ/12 ಇದ್ದ ಹಾಗೇ ಇರಲಿ. 1/6 ಅಂದರೆ 2/12. ಎಲ್ಲದರ ಕೆಳಗೂ 12 ಬಂತಲ್ಲ, ಅದನ್ನು ಮುಂದೆ ತೆಗೆದಿಡಿ:

(1/12)(6ಯ² − ಯ − 2)

ಕಂಸದೊಳಗೆ ಈಗ ಭಿನ್ನರಾಶಿ ಒಂದೂ ಇಲ್ಲ. ಇನ್ನು ಮಾಡುವುದು ಒಂಬತ್ತನೇ ತರಗತಿಯ ಮಾಮೂಲಿ ಕೆಲಸ. ಮೊದಲ ಮತ್ತು ಕೊನೆಯ ಸಂಖ್ಯೆಯ ಗುಣಲಬ್ಧ −12. ಗುಣಿಸಿದರೆ −12, ಕೂಡಿದರೆ −1 ಬರುವ ಜೋಡಿ −4 ಮತ್ತು 3.

6ಯ² − 4ಯ + 3ಯ − 2
= 2ಯ(3ಯ − 2) + 1(3ಯ − 2)
= (3ಯ − 2)(2ಯ + 1)

ಹಾಗಾಗಿ ಉತ್ತರ (1/12)(3ಯ − 2)(2ಯ + 1).

ಛೇದಗಳ ಲ.ಸಾ.ಅ. ಹಿಡಿಯುವುದು ನಮ್ಮ ನೆಲದ ಹಳೆಯ ಜಾಣ್ಮೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಇದನ್ನು ‘ನಿರುದ್ಧ’ ಎಂದು ಕರೆದು, ಭಿನ್ನರಾಶಿ ಕೂಡುವುದಕ್ಕೆ ಬಳಸಿದ್ದಾರೆ. ಛೇದಗಳನ್ನು ಸುಮ್ನೆ ಒಂದಕ್ಕೊಂದು ಗುಣಿಸಿದರೆ ಇಲ್ಲಿ 144 ಬರುತ್ತಿತ್ತು. ಉತ್ತರ ಆಗಲೂ ಸರಿ ಬರುತ್ತದೆ, ಆದರೆ ದಾರಿಯುದ್ದಕ್ಕೂ ದೊಡ್ಡ ಸಂಖ್ಯೆಗಳ ಜೊತೆ ಗುದ್ದಾಡಬೇಕು.

ಮುಂದೆ ಇರೋ 1/12 ಯಾಕೆ ಉಳಿಸ್ಕೋಬೇಕು? ಸಮೀಕರಣದಲ್ಲಿ ಹೊಡೆದುಹಾಕ್ತೀವಲ್ವಾ?

ಎಲ್ಲಕ್ಕಿಂತ ಜಾಸ್ತಿ ಮಕ್ಕಳು ಎಡವುವುದು ಇಲ್ಲೇ. ಹೋದ ವರ್ಷ ಒಬ್ಬ ಹುಡುಗಿಯ ನೋಟ್ ಪುಸ್ತಕ ನೋಡುತ್ತಿದ್ದೆ. ಮುದ್ದಾದ ಅಕ್ಷರ. ಲ.ಸಾ.ಅ. ಸರಿ, ಜೋಡಿ ಸರಿ, ಕಂಸಗಳು ಸರಿ. ಕೊನೆಯ ಸಾಲಿಗೆ ಬಂದಾಗ 1/12ರ ಮೇಲೆ ಸ್ಕೇಲ್ ಇಟ್ಟು, ನೀಟಾಗಿ ಒಂದು ಗೆರೆ ಎಳೆದು ಹೊಡೆದಿದ್ದಳು. ಅಷ್ಟು ಶ್ರಮದ ಲೆಕ್ಕ ಆ ಒಂದು ಗೆರೆಯಲ್ಲಿ ಹೋಯಿತು. ನನಗೆ ತುಂಬಾ ಸಂಕಟ ಆಯಿತು, ಯಾಕೆಂದರೆ ತಪ್ಪು ಅವಳದ್ದಲ್ಲ. ಸಮೀಕರಣ ಬೇರೆ, ಬಹುಪದೋಕ್ತಿ ಬೇರೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ತಕ್ಕಡಿ ನೆನೆಸಿಕೊಳ್ಳಿ. ಸಮೀಕರಣದಲ್ಲಿ ಎರಡು ತಟ್ಟೆ ಇವೆ. ಎರಡನ್ನೂ ಹನ್ನೆರಡು ಪಟ್ಟು ಮಾಡಿದರೆ ಮುಳ್ಳು ಅಲ್ಲಾಡುವುದಿಲ್ಲ. ಬಲಗಡೆ 0 ಇದ್ದರಂತೂ ಹನ್ನೆರಡು ಪಟ್ಟು ಮಾಡಿದರೂ 0 ಸೊನ್ನೆಯೇ. ಅದಕ್ಕೇ ಅಲ್ಲಿ 12 ಕಾಣದೆ ಹೋಗುತ್ತದೆ. ಬಹುಪದೋಕ್ತಿಯಲ್ಲಿ ಇರುವುದು ಒಂದೇ ತಟ್ಟೆ. ಅದನ್ನು ಹನ್ನೆರಡು ಪಟ್ಟು ಮಾಡಿದರೆ ಒಂದು ಬಾಕ್ಸ್ ಟೊಮೇಟೊ ಹೋಗಿ ಹನ್ನೆರಡು ಬಾಕ್ಸ್ ಆಯಿತು. ಎರಡೂ ಒಂದೇ ಎಂದು ಬಿಲ್ ಬರೆದರೆ ಮಂಡಿಯಲ್ಲಿ ಯಾರು ಒಪ್ಪುತ್ತಾರೆ?

ಯ = 0 ಹಾಕಿ ನೋಡಿ. ಮೂಲ ಬಹುಪದೋಕ್ತಿಯ ಬೆಲೆ −1/6. 1/12 ಹೊಡೆದುಹಾಕಿದ ಉತ್ತರದಲ್ಲಿ (−2)(1), ಅಂದರೆ −2. ಒಂದೇ ಅಲ್ಲ. 1/12 ಉಳಿಸಿಕೊಂಡರೆ −2/12 = −1/6. ಸರಿ ಹೋಯಿತು.

ಲೆಕ್ಕದಲ್ಲಿ ‘= 0’ ಇದೆಯಾ ಇಲ್ಲವಾ ಎಂದು ಮೊದಲು ನೋಡಿ. ಇದ್ದರೆ ಛೇದವನ್ನು ಬಿಡಬಹುದು. ಇಲ್ಲದಿದ್ದರೆ ಛೇದವನ್ನು ಹೊರಗೆ ತೆಗೆದಿಡಿ, ಬಿಸಾಡಬೇಡಿ.

ನನ್ನ ಉತ್ತರ ಬೇರೆ, ಪಕ್ಕದವಳ ಉತ್ತರ ಬೇರೆ, ಇಬ್ಬರದ್ದೂ ಸರಿ ಅಂದ್ರು. ಅದು ಹೇಗೆ?

ಸಂಖ್ಯೆಯನ್ನು ಒಂದು ಕಂಸದಿಂದ ಇನ್ನೊಂದಕ್ಕೆ ಸಾಗಿಸಬಹುದು, ಅದಕ್ಕೆ. ಈ ಮೂರನ್ನೂ ಬಿಡಿಸಿದರೆ ಯ²/2 − ಯ/12 − 1/6 ಬರುತ್ತದೆ:

(1/12)(3ಯ − 2)(2ಯ + 1)
(1/2)(ಯ − 2/3)(ಯ + 1/2)
(ಯ/2 − 1/3)(ಯ + 1/2)

ಮೊದಲನೆಯದರಲ್ಲಿ 3ಯ − 2 ಒಳಗಿಂದ 3, 2ಯ + 1 ಒಳಗಿಂದ 2 ಹೊರಗೆ ತಂದರೆ 6/12, ಅಂದರೆ ಅರ್ಧ. ಅದೇ ಎರಡನೆಯ ಸಾಲು. ಆ ಅರ್ಧವನ್ನು ಮೊದಲ ಕಂಸದೊಳಗೆ ನೂಕಿದರೆ ಮೂರನೆಯದು. ಯಾವ ರೂಪದಲ್ಲಿ ಬರೆದರೂ ಯ = 2/3 ಮತ್ತು ಯ = −1/2 ಎಂಬ ಶೂನ್ಯತೆಗಳು, ಅಂದರೆ ಬಹುಪದೋಕ್ತಿಯನ್ನು ಸೊನ್ನೆ ಮಾಡುವ ಯ ಬೆಲೆಗಳು, ಬದಲಾಗುವುದಿಲ್ಲ.

ನಾನು ಮಕ್ಕಳಿಗೆ ಮೊದಲ ರೂಪವನ್ನೇ ರೂಢಿ ಮಾಡಿಸುತ್ತೇನೆ. ಭಿನ್ನರಾಶಿ ಒಂದೇ ಜಾಗದಲ್ಲಿ ಇರುತ್ತದೆ, ತಪ್ಪು ಹುಡುಕುವುದು ಸುಲಭ. ಶೂನ್ಯತೆ ಬೇಕಾದಾಗ ಎರಡನೆಯದು ಅನುಕೂಲ.

ಲ.ಸಾ.ಅ. ತೆಗೆದ ಮೇಲೂ ಸಂಖ್ಯೆಗಳು ದೊಡ್ಡದಾಗೇ ಇವೆ. ಏನಾದ್ರೂ ಬಿಟ್ಟಿದ್ದೀನಾ?

ಮ.ಸಾ.ಅ., ಅಂದರೆ ಎಲ್ಲ ಸಹಗುಣಕಗಳಿಗೂ ಹೋಗುವ ಅತಿ ದೊಡ್ಡ ಸಂಖ್ಯೆ, ಬಿಟ್ಟಿರುತ್ತೀರಿ. 2ಯ²/3 + 10ಯ/3 + 4 ನೋಡಿ. 1/3 ಹೊರಗೆ ತೆಗೆದರೆ ಒಳಗೆ 2ಯ² + 10ಯ + 12. ಮೂರಕ್ಕೂ 2 ಹೋಗುತ್ತದೆ. ಅದನ್ನೂ ಹೊರಗೆ ತನ್ನಿ: (2/3)(ಯ² + 5ಯ + 6) = (2/3)(ಯ + 2)(ಯ + 3).

ಉತ್ತರ ಸರಿ ಇದೆಯಾ ಅಂತ ಪರೀಕ್ಷೆ ಹಾಲ್‌ನಲ್ಲೇ ಬೇಗ ನೋಡೋದು ಹೇಗೆ?

ಮೂರು ಕಡೆ ತಾಳೆ ನೋಡಿ. ಯ = 0 ಹಾಕಿ, ಯ = 1 ಹಾಕಿ, ಆಮೇಲೆ ಅತಿ ದೊಡ್ಡ ಘಾತದ ಸಹಗುಣಕ ಹೋಲಿಸಿ. ಮೇಲಿನ ಲೆಕ್ಕದಲ್ಲಿ ಯ = 1 ಹಾಕಿದರೆ ಮೂಲದಲ್ಲಿ 1/2 − 1/12 − 1/6 = 1/4. ಉತ್ತರದಲ್ಲಿ (1/12)(1)(3) = 1/4. ಯ² ಸಹಗುಣಕ (1/12) × 3 × 2 = 1/2. ಎಲ್ಲ ಕೂಡಿಬಂತು.

ವರ್ಗ ಬಹುಪದೋಕ್ತಿಗೆ ಈ ಮೂರು ತಾಳೆ ಸಿಕ್ಕರೆ ಉತ್ತರ ಖಂಡಿತ ಸರಿ. ಅದರಲ್ಲಿ ಇರುವುದೇ ಮೂರು ಸಹಗುಣಕ. ಯ² ಸಹಗುಣಕ ನೇರವಾಗಿ ಸಿಕ್ಕಿತು. ಯ = 0 ಸ್ಥಿರಪದವನ್ನು ಹಿಡಿದುಕೊಟ್ಟಿತು. ಯ = 1 ಮಧ್ಯದ್ದನ್ನು ಹಿಡಿದುಕೊಟ್ಟಿತು. ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

## ಸ್ವಲ್ಪ ಕೈ ಕುದುರಿದ ಮೇಲೆ

0.5, 1.25 ಥರ ದಶಮಾಂಶ ಕೊಟ್ಟಾಗ ಏನು ಮಾಡೋದು?

ಭಿನ್ನರಾಶಿ ಮಾಡಿಕೊಳ್ಳಿ. 0.5ಯ² + 1.25ಯ − 0.75 ಅನ್ನು ಬಾಯಲ್ಲಿ ಓದಿ: ಅರ್ಧ, ಒಂದೂಕಾಲು, ಮುಕ್ಕಾಲು. ಎಲ್ಲವೂ ಕಾಲಿನ ಲೆಕ್ಕ ಅಲ್ವಾ? 1/4 ಹೊರಗೆ ತೆಗೆದರೆ 2ಯ² + 5ಯ − 3. ಉತ್ತರ (1/4)(2ಯ − 1)(ಯ + 3).

ಮೊದಲೆಲ್ಲ 100ರಿಂದ ಗುಣಿಸಿ ಎಂದು ಹೇಳಿಕೊಡುತ್ತಿದ್ದೆ. 50, 125, 75 ಬಂದು ಮಕ್ಕಳು ಸುಸ್ತಾಗುತ್ತಿದ್ದರು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಕಲಿತಿದ್ದ ಹಿರಿಯರ ಎದುರು ಇಂಥ ಲೆಕ್ಕ ಇಟ್ಟರೆ ಅವರು ಬಾಯಲ್ಲೇ ನಾಲ್ಕು ಪಟ್ಟು ಮಾಡಿಬಿಡುತ್ತಾರೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಆ ಮಗ್ಗಿ ಹೇಳಿಸಿಕೊಳ್ಳಿ. ಬೀಜಗಣಿತಕ್ಕೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಜೋಡಿ ಹುಡುಕಿ ಹುಡುಕಿ ಸಾಕಾಯ್ತು. ಜೋಡಿ ಇದೆಯೋ ಇಲ್ವೋ ಅಂತ ಮೊದ್ಲೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಶೋಧಕ ಹೇಳುತ್ತದೆ. ಮಧ್ಯದ ಸಹಗುಣಕದ ವರ್ಗದಿಂದ, ಮೊದಲ ಮತ್ತು ಕೊನೆಯ ಸಂಖ್ಯೆಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆಯಿರಿ. ಬಂದದ್ದು ಒಂದು ಪೂರ್ಣಾಂಕದ ಅಥವಾ ಭಿನ್ನರಾಶಿಯ ವರ್ಗವಾದರೆ ಜೋಡಿ ಇದೆ. ಇಲ್ಲದಿದ್ದರೆ ಭಿನ್ನರಾಶಿಗಳಲ್ಲಿ ಅಪವರ್ತನ ಇಲ್ಲ, ಹುಡುಕಾಟ ನಿಲ್ಲಿಸಿ.

ಯ² − ಯ/6 − 1/3 ತೆಗೆದುಕೊಳ್ಳಿ. ಶೋಧಕ 1/36 + 4/3 = 49/36. ಇದು 7/6ರ ವರ್ಗ. ಒಡೆಯುತ್ತದೆ: (ಯ − 2/3)(ಯ + 1/2). ಕೊನೆಯ ಸಂಖ್ಯೆಯನ್ನು ಮಾತ್ರ ಬದಲಿಸಿ ಯ² − ಯ/6 − 1/2 ಎಂದರೆ ಶೋಧಕ 73/36. 73 ಯಾವುದರ ವರ್ಗವೂ ಅಲ್ಲ. ಒಡೆಯುವುದಿಲ್ಲ.

ಒಂದು ಎಚ್ಚರಿಕೆ. ಶೋಧಕವನ್ನು ಸಂಕ್ಷೇಪಿಸಿದ ಮೇಲೆ ನೋಡಿ. 8/18 ಬಂದರೆ 8 ವರ್ಗ ಅಲ್ಲ, 18 ವರ್ಗ ಅಲ್ಲ ಎಂದು ಕೈಬಿಡುತ್ತಾರೆ. 8/18 ಅಂದರೆ 4/9, ಅದು 2/3ರ ವರ್ಗ.

ಛೇದದಲ್ಲಿ 4, 9, 25 ಇದ್ರೆ ನಿತ್ಯಸಮೀಕರಣ ಹಾಕ್ಬೇಕು ಅಂತಾರೆ. ಯಾವಾಗ್ಲೂ ಹಾಕ್ಬಹುದಾ?

ನಿತ್ಯಸಮೀಕರಣ ಅಂದರೆ ಯ ಬೆಲೆ ಏನೇ ಇದ್ದರೂ ನಿಲ್ಲುವ ಸಿದ್ಧ ಸೂತ್ರ. ಛೇದದಲ್ಲಿ ವರ್ಗ ಇರುವುದು ಅದಕ್ಕೆ ಸುಳಿವು ಅಷ್ಟೆ, ಗ್ಯಾರಂಟಿ ಅಲ್ಲ. ಎರಡೇ ಪದ, ಎರಡೂ ಪೂರ್ತಿ ವರ್ಗ, ಮಧ್ಯೆ ಕಳೆಯುವ ಚಿಹ್ನೆ ಇದ್ದರೆ ಕಣ್ಣು ಮುಚ್ಚಿ ಹಾಕಬಹುದು: 4ಯ²/9 − 25/16 = (2ಯ/3 − 5/4)(2ಯ/3 + 5/4).

ಮೂರು ಪದ ಇದ್ದಾಗ ಮಧ್ಯಪದ ಕೇಳಬೇಕು. ಯ²/4 + ಯ/5 + 1/25 ನೋಡಿ. ಎರಡು ತುದಿಗಳು ಯ/2 ಮತ್ತು 1/5ರ ವರ್ಗ. ಇವುಗಳ ಗುಣಲಬ್ಧದ ಎರಡರಷ್ಟು ಯ/5. ಮಧ್ಯಪದ ಅದೇ ಇದೆ. ಹಾಗಾಗಿ (ಯ/2 + 1/5)².

ಈಗ ಮಧ್ಯಪದವನ್ನು ಯ/4 ಮಾಡಿ: ಯ²/4 + ಯ/4 + 1/25. ಎರಡು ತುದಿ ಅವೇ, ಆದರೆ ಇದು ಪೂರ್ಣ ವರ್ಗ ಅಲ್ಲ. ಅಷ್ಟಕ್ಕೇ ಒಡೆಯುವುದಿಲ್ಲ ಎಂದು ಬಿಟ್ಟುಬಿಡಬೇಡಿ. ಲ.ಸಾ.ಅ. 100 ಹಿಡಿದರೆ ಒಳಗೆ 25ಯ² + 25ಯ + 4, ಅದು (5ಯ + 1)(5ಯ + 4). ಉತ್ತರ (1/100)(5ಯ + 1)(5ಯ + 4). ನಿತ್ಯಸಮೀಕರಣ ಕೈಕೊಟ್ಟರೂ ಲ.ಸಾ.ಅ. ದಾರಿ ಕೈಬಿಡಲಿಲ್ಲ.

ನಮ್ಮ ಹುಡುಗ ದಿನಾ ಇದನ್ನೇ ಬರೀತಾನೆ. ನಮ್ಮಂಥ ರೈತರಿಗೆ ಇದು ಎಲ್ಲಿ ಬರುತ್ತೆ ಮೇಷ್ಟ್ರೇ?

ಜಮೀನಿನಲ್ಲೇ ಬರುತ್ತದೆ. ಇದನ್ನು ಕೇಳಿದ ಯಜಮಾನರಿಗೆ ಅವರ ರಾಗಿ ಹೊಲದ ಲೆಕ್ಕವನ್ನೇ ಮಾಡಿ ತೋರಿಸಿದೆ. ತುಂಡು ಕಾಲು ಎಕರೆ, ಅಂದರೆ 10 ಗುಂಟೆ. ಉದ್ದ ಅಗಲಕ್ಕಿಂತ 11 ಅಡಿ ಜಾಸ್ತಿ. ಅಗಲ ಎಷ್ಟು?

ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಅಡಿಯಲ್ಲಿ ಲೆಕ್ಕ ಹಾಕಿದರೆ 10,890 ಎಂಬ ದೊಡ್ಡ ಸಂಖ್ಯೆ ಎದುರಾಗುತ್ತದೆ. ಅದರ ಬದಲು 33 ಅಡಿಯನ್ನೇ ಒಂದು ಅಳತೆ ಎಂದು ಇಟ್ಟುಕೊಳ್ಳೋಣ. ಆಗ 11 ಅಡಿ ಅಂದರೆ 1/3. ಅಗಲ ಯ, ಉದ್ದ ಯ + 1/3. ಗುಣಿಸಿದರೆ 10 ಗುಂಟೆ:

ಯ² + ಯ/3 − 10 = 0

ಎಡಗಡೆಯದ್ದು (1/3)(3ಯ² + ಯ − 30), ಅಂದರೆ (1/3)(ಯ − 3)(3ಯ + 10). ಯ = 3. ಇನ್ನೊಂದು ಬೆಲೆ −10/3, ಅಗಲ ಋಣ ಆಗುವುದಿಲ್ಲ, ಬಿಡಿ. ಅಗಲ 3 × 33 = 99 ಅಡಿ, ಉದ್ದ 110 ಅಡಿ.

ಅಪ್ಪ ಮಗ ಇಬ್ಬರೂ ಹೋಗಿ ಟೇಪ್ ಹಿಡಿದರು. ಬದು ಒಂದು ಕಡೆ ಸ್ವಲ್ಪ ಸೊಟ್ಟಗಿತ್ತು, ಆದರೂ ಗೇಣು ಅಂತರದಲ್ಲಿ ಕೂತಿತು. ಇಲ್ಲಿ ಭಿನ್ನರಾಶಿಯನ್ನು ನಾವೇ ಬೇಕೆಂದು ತಂದುಕೊಂಡೆವು, ಲೆಕ್ಕ ಚಿಕ್ಕದಾಗಲಿ ಅಂತ. ಅದನ್ನು ಆ ಹುಡುಗ ಗಮನಿಸಿದ. ನನಗೆ ಖುಷಿಯಾದದ್ದು ಅದಕ್ಕೇ.

ನಮ್ಮ ಹಳಬರು ಇಂಥ ಲೆಕ್ಕ ಮಾಡ್ತಿದ್ರಾ, ಇಲ್ಲ ಇದೆಲ್ಲ ಹೊರಗಿಂದ ಬಂದಿದ್ದಾ?

ಮಾಡುತ್ತಿದ್ದರು, ಅದೂ ಎಷ್ಟು ಚೆನ್ನಾಗಿ! ಮಹಾವೀರಾಚಾರ್ಯರ ‘ಗಣಿತಸಾರ ಸಂಗ್ರಹ’ದಲ್ಲಿ ಒಂಟೆಗಳ ಒಂದು ಲೆಕ್ಕ ಇದೆ. ಒಂಟೆ ಹಿಂಡಿನ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಒಂಟೆಗಳು ಬೆಟ್ಟದ ಇಳಿಜಾರಿಗೆ ಹೋದವು. ಮೂರೈದಲ 15 ಒಂಟೆಗಳು ನದಿ ದಡದಲ್ಲಿ ಉಳಿದವು. ಒಟ್ಟು ಎಷ್ಟು?

ವರ್ಗಮೂಲ ಇದೆಯಲ್ಲ ಎಂದು ಹೆದರಬೇಡಿ. ಆ ವರ್ಗಮೂಲವನ್ನೇ ಯ ಎನ್ನಿ. ಆಗ ಹಿಂಡು ಯ², ಕಾಡಿನಲ್ಲಿ ಯ²/4, ಬೆಟ್ಟದಲ್ಲಿ 2ಯ, ದಡದಲ್ಲಿ 15. ಇಡೀ ಹಿಂಡಿನಿಂದ ಕಾಲು ಹೋದರೆ ಮುಕ್ಕಾಲು:

(3/4)ಯ² − 2ಯ − 15 = 0

1/4 ಹೊರಗೆ ತೆಗೆದರೆ ಒಳಗೆ 3ಯ² − 8ಯ − 60. ಗುಣಲಬ್ಧ −180, ಮೊತ್ತ −8. ಜೋಡಿ −18 ಮತ್ತು 10. ಹಾಗಾಗಿ (1/4)(ಯ − 6)(3ಯ + 10). ಯ = 6, ಹಿಂಡು 36. ತಾಳೆ ನೋಡಿ: ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಡದಲ್ಲಿ 15. ಕೂಡಿದರೆ 36.

ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಲೆಕ್ಕ ಇದು. ಮಕ್ಕಳಿಗೆ ಕೊಟ್ಟರೆ ಒಂಟೆ ಚಿತ್ರ ಬರೆದುಕೊಂಡು ಬಿಡಿಸುತ್ತಾರೆ.

## ಘನ ಬಹುಪದೋಕ್ತಿಗಳು

ಮೂರನೇ ಘಾತ ಇದ್ರೆ ಯಾವ ಸಂಖ್ಯೆ ಹಾಕಿ ನೋಡೋದು? ಸುಮ್ನೆ ಊಹೆ ಮಾಡೋದಾ?

ಊಹೆಗೂ ಒಂದು ಬೇಲಿ ಇದೆ. ಯ³ − 11ಯ²/6 − 2ಯ/3 + 2/3 ಹಿಡಿಯೋಣ. ಮೊದಲು ಛೇದ ಹೊರಗೆ:

(1/6)(6ಯ³ − 11ಯ² − 4ಯ + 4)

ಇದರ ಶೂನ್ಯತೆ ಭಿನ್ನರಾಶಿಯಾಗಿದ್ದರೆ, ಸಂಕ್ಷೇಪಿಸಿದ ಮೇಲೆ ಅದರ ಅಂಶ ಕೊನೆಯ 4 ಅನ್ನು ಭಾಗಿಸಬೇಕು, ಛೇದ ಮೊದಲಿನ 6 ಅನ್ನು ಭಾಗಿಸಬೇಕು. ಯಾಕೆ? 3ಯ + 2 ಒಂದು ಅಪವರ್ತನ ಎಂದುಕೊಳ್ಳಿ. ಬಿಡಿಸುವಾಗ ಅತಿ ದೊಡ್ಡ ಘಾತದ ಪದ 3ಯ ಇಂದಲೇ ಹುಟ್ಟಬೇಕು, ಸ್ಥಿರಪದ 2 ಇಂದಲೇ ಹುಟ್ಟಬೇಕು. ಬೇರೆ ದಾರಿ ಇಲ್ಲ.

ಅಂದರೆ ಅಂಶ 1, 2, 4. ಛೇದ 1, 2, 3, 6. ಒಂದೇ ಬೆಲೆ ಎರಡು ಸಲ ಬರುವುದನ್ನು ಬಿಟ್ಟರೆ ಉಳಿಯುವುದು 1, 2, 4, 1/2, 1/3, 2/3, 4/3, 1/6. ಧನ ಎಂಟು, ಋಣ ಎಂಟು, ಒಟ್ಟು 16. ಈ ಹದಿನಾರರ ಹೊರಗೆ ಕೈ ಹಾಕುವುದು ವ್ಯರ್ಥ.

ಪೂರ್ಣಾಂಕಗಳಿಂದ ಶುರು ಮಾಡಿ. ಯ = 1: 6 − 11 − 4 + 4 = −5. ಯ = 2: 48 − 44 − 8 + 4 = 0. ಸಿಕ್ಕಿತು! ಸಂಶ್ಲೇಷಿತ ಭಾಗಾಕಾರ, ಅಂದರೆ ಸಹಗುಣಕಗಳನ್ನಷ್ಟೇ ಬರೆದು ಯ − 2 ಇಂದ ಭಾಗಿಸುವುದು, ಮಾಡಿದರೆ ಭಾಗಲಬ್ಧ 6ಯ² + ಯ − 2. ಅದನ್ನು ಒಡೆದರೆ (3ಯ + 2)(2ಯ − 1). ಪೂರ್ತಿ ಉತ್ತರ:

(1/6)(ಯ − 2)(3ಯ + 2)(2ಯ − 1)

ಇನ್ನೊಂದು ಉಪಾಯ. ಯ = 0 ಆದಾಗ ಕಂಸದೊಳಗಿನ ಬೆಲೆ 4, ಯ = 1 ಆದಾಗ −5. ಧನದಿಂದ ಋಣಕ್ಕೆ ಹೋಗುವಾಗ ಎಲ್ಲೋ ಸೊನ್ನೆ ದಾಟಲೇಬೇಕು. ಅಂದರೆ 0 ಮತ್ತು 1ರ ನಡುವೆ ಒಂದು ಶೂನ್ಯತೆ ಖಂಡಿತ. ಪಟ್ಟಿಯಲ್ಲಿ ಅಲ್ಲಿ ಇರುವುದು 1/2, 1/3, 2/3, 1/6 ನಾಲ್ಕೇ. ಈ ಲೆಕ್ಕದಲ್ಲಿ 1/2 ಸರಿಹೊಂದುತ್ತದೆ.

ಛೇದ ಹೊರಗೆ ತೆಗೆಯುವ ಮುಂಚೆ ಈ ಬೇಲಿ ಹಾಕಲು ಹೋಗಬೇಡಿ. ಸ್ಥಿರಪದ 2/3 ಇದ್ದಾಗ ಅದನ್ನು ಭಾಗಿಸುವ ಸಂಖ್ಯೆ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

1/2 ಇಟ್ಟು ಸಂಶ್ಲೇಷಿತ ಭಾಗಾಕಾರ ಮಾಡಿದ್ರೆ ಭಾಗಲಬ್ಧ ದುಪ್ಪಟ್ಟು ಬರುತ್ತೆ. ಎಲ್ಲಿ ತಪ್ಪಿದೆ?

ಎಲ್ಲೂ ತಪ್ಪಿಲ್ಲ. 1/2 ಇಟ್ಟಾಗ ನೀವು ಭಾಗಿಸಿದ್ದು ಯ − 1/2 ಇಂದ, 2ಯ − 1 ಇಂದ ಅಲ್ಲ. 6, −11, −4, 4 ಕೆಳಗೆ 1/2 ಇಂದ ಇಳಿಸಿದರೆ 6, −8, −8, ಶೇಷ 0. ಅಂದರೆ (ಯ − 1/2)(6ಯ² − 8ಯ − 8). ಎರಡನೆಯ ಕಂಸದಿಂದ 2 ತೆಗೆದು ಮೊದಲನೆಯದಕ್ಕೆ ಕೊಡಿ: (2ಯ − 1)(3ಯ² − 4ಯ − 4). ಒಂದು ಕಡೆ ದುಪ್ಪಟ್ಟು ಮಾಡಿದ್ದನ್ನು ಇನ್ನೊಂದು ಕಡೆ ಅರ್ಧ ಮಾಡಬೇಕು, ಅದನ್ನು ಮರೆಯಬಾರದು.

## ಇನ್ನೂ ಮುಂದೆ ಹೋಗುವವರಿಗೆ

ಪೂರ್ಣಾಂಕ ಹಾಕಿ ಒಡೆಯಕ್ಕಾಗ್ದೇ ಇದ್ದಿದ್ದು, ಭಿನ್ನರಾಶಿ ಹಾಕಿದ್ರೆ ಒಡೆಯಬಹುದಲ್ವಾ?

ಇದನ್ನು ಕೇಳಿದ್ದು ಪಿಯುಸಿ ಹುಡುಗ. ಅವತ್ತು ಪಾಠ ಅಲ್ಲೇ ನಿಲ್ಲಿಸಿ ಇದನ್ನೇ ಮಾತಾಡಿದೆವು.

ಉತ್ತರ, ಇಲ್ಲ. ಸಹಗುಣಕಗಳೆಲ್ಲ ಪೂರ್ಣಾಂಕ ಆಗಿದ್ದರೆ, ಭಿನ್ನರಾಶಿಗಳಲ್ಲಿ ಒಡೆಯುವುದು ಪೂರ್ಣಾಂಕಗಳಲ್ಲೂ ಒಡೆದೇ ಒಡೆಯುತ್ತದೆ. ಇದರ ಮೂಲದಲ್ಲಿರುವ ಮಾತನ್ನು ಜರ್ಮನಿಯ ಗಣಿತಜ್ಞ ಗೌಸ್ 1801ರಲ್ಲಿ ಪ್ರಕಟಿಸಿದ. ಮೊದಲು ಉದಾಹರಣೆ ನೋಡಿ:

6ಯ² − ಯ − 2 = (4ಯ − 8/3)(3ಯ/2 + 3/4)

ಬಿಡಿಸಿ ನೋಡಿ, ಸರಿ ಇದೆ. ಆದರೆ ಮೊದಲ ಕಂಸದಿಂದ 4/3 ಹೊರತೆಗೆದರೆ 3ಯ − 2 ಉಳಿಯುತ್ತದೆ. ಎರಡನೆಯದರಿಂದ 3/4 ತೆಗೆದರೆ 2ಯ + 1. ಹೊರಗೆ ಬಂದ 4/3 ಮತ್ತು 3/4 ಗುಣಿಸಿದರೆ 1. ಭಿನ್ನರಾಶಿಗಳು ಒಂದನ್ನೊಂದು ತಿಂದುಹಾಕಿದವು.

ಯಾವಾಗಲೂ ಹೀಗೇ ಆಗುತ್ತದೆ ಎನ್ನುವುದಕ್ಕೆ ಕಾರಣ ಇದು. ಸಾಮಾನ್ಯ ಅಪವರ್ತನವನ್ನೆಲ್ಲ ಹೊರಗೆ ತೆಗೆದ ಎರಡು ಪೂರ್ಣಾಂಕ ಬಹುಪದೋಕ್ತಿ ಇಟ್ಟುಕೊಳ್ಳಿ. ಗುಣಿಸಿದಾಗ ಎಲ್ಲ ಸಹಗುಣಕಗಳಿಗೂ 5 ಹೋಗಬಹುದಾ? ಪ್ರತಿ ಬಹುಪದೋಕ್ತಿಯಲ್ಲೂ ಎಡದಿಂದ ನೋಡುತ್ತಾ, 5 ಹೋಗದ ಮೊದಲ ಸಹಗುಣಕಕ್ಕೆ ಗುರುತು ಹಾಕಿ. ಅಂಥದ್ದೊಂದು ಇದ್ದೇ ಇರುತ್ತದೆ. ಗುರುತು ಹಾಕಿದ ಎರಡು ಪದಗಳು ಗುಣಿಸಿ ಬೀಳುವ ಘಾತವನ್ನು ನೋಡಿ. ಅದೇ ಘಾತಕ್ಕೆ ಬೇರೆ ಜೋಡಿಗಳೂ ಬಂದು ಸೇರುತ್ತವೆ, ಆದರೆ ಆ ಪ್ರತಿ ಜೋಡಿಯಲ್ಲೂ ಯಾವುದೋ ಒಂದು ಗುರುತಿನ ಎಡಗಡೆಯ ಸಂಖ್ಯೆ ಇರುತ್ತದೆ. ಹಾಗಾಗಿ ಅವಕ್ಕೆಲ್ಲ 5 ಹೋಗುತ್ತದೆ. ಗುರುತಿನ ಜೋಡಿಗೆ ಮಾತ್ರ ಹೋಗುವುದಿಲ್ಲ, ಯಾಕೆಂದರೆ 5 ಅವಿಭಾಜ್ಯ. ಎಲ್ಲ ಕೂಡಿದ ಮೊತ್ತಕ್ಕೆ 5 ಹೋಗುವುದಿಲ್ಲ. 5ರ ಬದಲು ಯಾವ ಅವಿಭಾಜ್ಯ ಸಂಖ್ಯೆ ಹಿಡಿದರೂ ಇದೇ ಮಾತು.

ಅಂದರೆ ಗುಣಲಬ್ಧದಲ್ಲೂ ಸಾಮಾನ್ಯ ಅಪವರ್ತನ ಇರುವುದಿಲ್ಲ. ಹೊರಗೆ ತೆಗೆದಿಟ್ಟ ಸಂಖ್ಯೆಯಲ್ಲಿ ಛೇದ ಏನಾದರೂ ಉಳಿದಿದ್ದರೆ, ಅದನ್ನು ಹೊಡೆದುಹಾಕಲು ಒಳಗೆ ಏನೂ ಇಲ್ಲ. ಮೂಲ ಬಹುಪದೋಕ್ತಿ ಪೂರ್ಣಾಂಕದ್ದಾದ್ದರಿಂದ ಛೇದ ಉಳಿಯಲೇಬಾರದು.

ಛೇದ ಹೊರಗೆ ತೆಗೆದು ಪೂರ್ಣಾಂಕಗಳಲ್ಲೇ ಹುಡುಕಿದರೆ ಸಾಕು ಎಂಬ ನಮ್ಮ ಧೈರ್ಯ ನಿಂತಿರುವುದು ಇದರ ಮೇಲೆ.

ಎಲ್ಲ ಬಹುಪದೋಕ್ತಿನೂ ರೇಖಾತ್ಮಕ ಅಪವರ್ತನಗಳಾಗಿ ಒಡೆಯುತ್ತಾ?

ಯಾವ ಸಂಖ್ಯೆಗಳನ್ನು ಬಳಸಬಹುದು ಎನ್ನುವುದರ ಮೇಲೆ ಹೋಗುತ್ತದೆ. ಯ² − 1/4 ಭಿನ್ನರಾಶಿಗಳಲ್ಲಿ ಒಡೆಯುತ್ತದೆ. ಯ² − 1/2 ಒಡೆಯಲು √2 ಬೇಕು, ಅದು ಅಭಾಗಲಬ್ಧ. ಯ² + 1/4 ವಾಸ್ತವ ಸಂಖ್ಯೆಗಳಲ್ಲೂ ಒಡೆಯುವುದಿಲ್ಲ, ಯಾಕೆಂದರೆ ಅದರ ಬೆಲೆ ಯಾವತ್ತೂ 1/4ಕ್ಕಿಂತ ಕೆಳಗೆ ಇಳಿಯುವುದಿಲ್ಲ. −1ಕ್ಕೂ ವರ್ಗಮೂಲ ಇರುವ ಸಂಕೀರ್ಣ ಸಂಖ್ಯೆಗಳನ್ನು ಒಪ್ಪಿಕೊಂಡರೆ ಎಲ್ಲವೂ ಒಡೆಯುತ್ತದೆ. ಗೌಸ್ ತನ್ನ 1799ರ ಪ್ರಬಂಧದಲ್ಲಿ ಸಾಧಿಸಲು ಹೊರಟದ್ದು ಇದನ್ನೇ.

ಶೂನ್ಯತೆ ಸಿಗ್ಲಿಲ್ಲ ಅಂದ್ರೆ ಅಪವರ್ತನವೂ ಇಲ್ಲ ಅಂತ ಬರೀಬಹುದಾ?

ವರ್ಗ ಮತ್ತು ಘನಕ್ಕೆ ಬರೆಯಬಹುದು. ಘನವನ್ನು ಒಡೆದರೆ ಒಂದಾದರೂ ರೇಖಾತ್ಮಕ ತುಂಡು ಬರಲೇಬೇಕು. ನಾಲ್ಕನೇ ಘಾತಕ್ಕೆ ಆ ಮಾತು ನಡೆಯುವುದಿಲ್ಲ, ಅದು ಎರಡು ವರ್ಗ ಬಹುಪದೋಕ್ತಿಗಳಾಗಿ ಒಡೆಯಬಹುದು. ಯ⁴ + 1/4 ಗೆ ವಾಸ್ತವ ಶೂನ್ಯತೆ ಒಂದೂ ಇಲ್ಲ. ಆದರೂ ಯ² ಕೂಡಿಸಿ ಕಳೆದು ನೋಡಿ:

ಯ⁴ + ಯ² + 1/4 − ಯ² = (ಯ² + 1/2)² − ಯ²
= (ಯ² + ಯ + 1/2)(ಯ² − ಯ + 1/2)

ಬೋರ್ಡ್ ಮೇಲೆ ಇದು ಬಿಚ್ಚಿಕೊಳ್ಳುವಾಗ ಮಕ್ಕಳ ಮುಖ ನೋಡಬೇಕು.

ಪಿಯುಸಿಗೆ ಹೋದ್ಮೇಲೂ ಇದು ಬೇಕಾಗುತ್ತಾ?

ದ್ವಿತೀಯ ಪಿಯುಸಿಯ ಅನುಕಲನದಲ್ಲಿ ಆಂಶಿಕ ಭಿನ್ನರಾಶಿ, ಅಂದರೆ ಒಂದು ದೊಡ್ಡ ಭಿನ್ನರಾಶಿಯನ್ನು ಚಿಕ್ಕವುಗಳ ಮೊತ್ತವಾಗಿ ಬರೆಯುವುದು, ಬರುತ್ತದೆ. ಅಲ್ಲಿ ಛೇದವನ್ನು ರೇಖಾತ್ಮಕ ಅಪವರ್ತನಗಳಾಗಿ ಒಡೆಯದೆ ಮೊದಲ ಹೆಜ್ಜೆಯೇ ಇಡಲಾಗದು. ಮುಂದೆ ಇಟ್ಟ 1/12 ಕಳೆದುಕೊಳ್ಳುವ ಅಭ್ಯಾಸ ಇದ್ದರೆ ಅಲ್ಲಿ ಇಡೀ ಉತ್ತರ ಹನ್ನೆರಡು ಪಟ್ಟು ತಪ್ಪುತ್ತದೆ.

ಮೊಬೈಲ್‌ನಲ್ಲಿ ಒತ್ತಿದ್ರೆ ಒಂದೇ ಕ್ಷಣದಲ್ಲಿ ಒಡೆದು ಕೊಡುತ್ತೆ. ಅದು ಹೇಗೆ ಮಾಡುತ್ತೆ?

ಅದಕ್ಕೂ ಮೊದಲ ಕೆಲಸ ಛೇದ ಹೊರಗೆ ತೆಗೆಯುವುದೇ. ಆಮೇಲೆ ಅದು ನಮ್ಮ ಹಾಗೆ ಪಟ್ಟಿ ಮಾಡಿ ಒಂದೊಂದೇ ಹಾಕಿ ನೋಡುವುದಿಲ್ಲ. ದೊಡ್ಡ ಸಂಖ್ಯೆಗಳಿಗೆ ಆ ಪಟ್ಟಿ ವಿಪರೀತ ಉದ್ದ ಆಗುತ್ತದೆ. ಮೊದಲು ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದಾಗ ಬರುವ ಶೇಷಗಳ ಪುಟ್ಟ ಲೋಕದಲ್ಲಿ ಬಹುಪದೋಕ್ತಿಯನ್ನು ಒಡೆಯುತ್ತದೆ. ಅಲ್ಲಿ ಸಿಕ್ಕ ತುಂಡುಗಳನ್ನು ಹಂತ ಹಂತವಾಗಿ ಬೆಳೆಸಿ, ಸರಿಯಾಗಿ ಜೋಡಿಸಿ, ನಿಜವಾದ ಅಪವರ್ತನಗಳನ್ನು ಹಿಡಿಯುತ್ತದೆ. ಭಿನ್ನರಾಶಿ ಸಹಗುಣಕಗಳಿರುವ ಯಾವುದೇ ಬಹುಪದೋಕ್ತಿಯನ್ನು, ಗಾತ್ರ ಬೆಳೆದರೂ ಸಮಯ ಕೈಮೀರದ ಹಾಗೆ ಒಡೆಯಬಹುದು ಎಂದು ಲೆನ್‌ಸ್ಟ್ರಾ ಸಹೋದರರು ಮತ್ತು ಲೋವಾಸ್ 1982ರಲ್ಲಿ ತೋರಿಸಿದರು. ಆ ಕೆಲಸಕ್ಕೆಂದು ಅವರು ಕಟ್ಟಿದ ವಿಧಾನವನ್ನು ಇವತ್ತು ಗುಪ್ತಲಿಪಿ ಒಡೆಯುವುದಕ್ಕೂ ಬಳಸುತ್ತಾರೆ.

ಮೊಬೈಲ್‌ನಲ್ಲಿ ತಾಳೆ ನೋಡಿ, ಬೇಡ ಎನ್ನುವುದಿಲ್ಲ. ಆದರೆ ನಮ್ಮ ಮೊದಲ ಲೆಕ್ಕದ ಶೂನ್ಯತೆ 2/3 ಅನ್ನು ಅದು 0.6667 ಎಂದು ತೋರಿಸಿದರೆ ಅದನ್ನೇ ಬರೆಯಬೇಡಿ. ಯ − 0.6667 ಆ ಬಹುಪದೋಕ್ತಿಯ ಅಪವರ್ತನ ಅಲ್ಲ, ಶೇಷ ಸ್ವಲ್ಪ ಉಳಿಯುತ್ತದೆ. ಯ − 2/3 ಬರೆಯಿರಿ. ಅದು ಶೇಷವಿಲ್ಲದೆ ಹೋಗುತ್ತದೆ.